ಎಡಗಡೆಯ ಮುಂದಿನ ಚಕ್ರ

ಒಳಗೆ ಯಾರೋ ಮೇಜಿನ ಮೇಲೆ ಪಟ್ಟೆಂದು ಬಡಿದರು; ಶೆಡ್ಡಿನಲ್ಲಿ ಕೂತವನ ಕೈಯ ಸುತ್ತಿಗೆ ಎತ್ತಿದಲ್ಲೇ ನಿಂತಿತು. ನೊಣ ಹೊಡೆದಿರಬೇಕು, ಹೆಂಡತಿಗೆ ನೊಣ ಕಂಡರಾಗದು, ಎಂದು ಮನಸ್ಸು ಹೇಳುವ ಹೊತ್ತಿಗೆ ಮೈ ತನ್ನ ಕೆಲಸ ಮುಗಿಸಿಯಾಗಿತ್ತು: ಬಲಗಾಲು, ಅಲ್ಲಿಲ್ಲದ ಬ್ರೇಕ್ ಪೆಡಲನ್ನು ಹುಡುಕಿ, ನೆಲ ಒತ್ತಿತ್ತು, ಕತ್ತು ಹೆಗಲೊಳಗೆ ಇಳಿದಿತ್ತು. ಥೂ, ಸಾಕಿದ ನಾಯಿಯೂ ಇಷ್ಟು ಚೆನ್ನಾಗಿ ಕಲಿಯುವುದಿಲ್ಲ ಎಂದು ತನ್ನನ್ನೇ ಬೈದುಕೊಂಡು ಸುತ್ತಿಗೆ ಇಳಿಸಿದ. ಏಟು ಸೊಟ್ಟಗೆ ಬಿತ್ತು. ಚಕ್ರವನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕಿನ ಶೂಗೆ, ಅದರ ತರಿತರಿ ಹೊದಿಕೆಯಾದ ಹೊಸ ಲೈನಿಂಗನ್ನು ಹಿಡಿದಿಡುವ ತಾಮ್ರದ ರಿವಿಟು ಅದು. ಸೊಟ್ಟಗಿದ್ದರೆ ತಲೆ ಮೇಲೆದ್ದು, ಚಕ್ರದೊಡನೆ ತಿರುಗುವ ಡ್ರಮ್ಮಿನ ಒಳಮೈಯನ್ನು ಗೀರುತ್ತದೆ. ಕಿತ್ತು ಹೊಸದು ಹಾಕಿದ. ಮಾವನ ಕಾರಿನಲ್ಲಿ ಒಂದು ಗೀರೂ ಮಾವನಿಗೆ ಕಾಣಿಸಬಾರದು. ಕಾಣಿಸುವುದೇನು ಬಂತು, ಮಾವನಿಗೆ ಕಣ್ಣು ಹೋಗಿವೆ. ಆದರೆ ಬೆರಳುಗಳಿವೆ.

ಮಾವ ನೌಕರಿಯಲ್ಲಿದ್ದಷ್ಟು ಕಾಲವೂ ಲೈಸೆನ್ಸು ಕೊಡುವ ಇನ್ಸ್‌ಪೆಕ್ಟರಾಗಿದ್ದರು. ಊರು ಅವರಿಗಿಟ್ಟ ಹೆಸರು ನಿಲ್ಸು ಸಾಹೇಬರು. ಪರೀಕ್ಷೆಗೆ ಬಂದವನ ಪಕ್ಕದಲ್ಲಿ ಕೂತು, ತಾಯಿ ಹೇಗಿದ್ದಾರೆ, ತಂಗಿಗೆ ಗಂಡು ಸಿಕ್ಕಿತೇ ಎಂದು ಬೆಣ್ಣೆಯಲ್ಲಿ ಕೂದಲೆಳೆದಂತೆ ವಿಚಾರಿಸುತ್ತ, ಅವನು ಮೈಮರೆತು ಉತ್ತರ ಕೊಡುತ್ತಿರುವಾಗಲೇ ಮುಂದಿನ ಹಲಗೆಗೆ ಅಂಗೈಯಿಂದ ಬಡಿದು 'ನಿಲ್ಸು!' ಎನ್ನುತ್ತಿದ್ದರು. ಗಾಡಿ ನಿಂತಲ್ಲೇ ನೇರವಾಗಿ ನಿಲ್ಲಬೇಕು. ಒಂದು ಗೇಣು ಜಾರಿದರೂ ಬಾಗಿಲು ತೆಗೆದು ಇಳಿದು, ಹಿಂದಿರುಗಿಯೂ ನೋಡದೆ, 'ಫೇಲ್' ಎಂದು ಗಾಳಿಗೆ ಹೇಳಿ ಹೊರಟುಬಿಡುತ್ತಿದ್ದರು. ಆ ಅಭ್ಯಾಸ ಸಂಜೆ ಆಫೀಸಿನ ಬಾಗಿಲು ಹಾಕಿದ ಮೇಲೆ ಅಲ್ಲೇ ಉಳಿಯಲಿಲ್ಲ, ಅವರ ಜೊತೆ ಮನೆಗೂ ಬಂತು. ಊಟದ ನಡುವೆ, ನಗುವಿನ ನಡುವೆ, ನೆಂಟರು ಕಷ್ಟ ಹೇಳಿಕೊಳ್ಳುತ್ತಿರುವಾಗ, ಪಟ್, ನಿಲ್ಸು. ಅತ್ತೆ ಆಸ್ಪತ್ರೆಯ ಮಂಚದಲ್ಲಿ ನರಳುತ್ತಿದ್ದಾಗಲೂ ಒಮ್ಮೆ ಮಂಚದ ಕಂಬಿಗೆ ಬಡಿದರಂತೆ. ಅತ್ತೆ ನಿಲ್ಲಿಸಿದರಂತೆ. ಇದನ್ನು ಅವನ ಹೆಂಡತಿ ನಗುತ್ತಲೇ ಹೇಳಿದ್ದಳು, 'ಅಮ್ಮ ಪಾಸಾದ್ರು' ಎಂದು. ಅವಳ ನಗು ಕಂಡು ಅವನಿಗೆ ಅವಳ ಕೆನ್ನೆಗೊಂದು ಬಿಡಬೇಕೆನ್ನಿಸಿತ್ತು, ಬಿಡಲಿಲ್ಲ. ಅವನು ಯಾರಿಗೂ ಯಾವತ್ತೂ ಏನನ್ನೂ ಬಿಟ್ಟವನಲ್ಲ. ಒಳಗೇ ಇಟ್ಟುಕೊಂಡವನು.

ಇಟ್ಟುಕೊಂಡದ್ದರಲ್ಲಿ ದೊಡ್ಡದು ಅವನದೇ ಪರೀಕ್ಷೆ. ಮದುವೆ ಗೊತ್ತಾದ ಹೊಸತು. ಭಾವೀ ಮಾವನೇ ಇನ್ಸ್‌ಪೆಕ್ಟರು, ಇನ್ನೇನು ಎಂದು ಗೆಳೆಯರೆಲ್ಲ ಬೆನ್ನು ತಟ್ಟಿ ಕಳಿಸಿದ್ದರು. ಮಾವ ಪಕ್ಕದಲ್ಲಿ ಕೂತು ಕೇಳಿದ್ದು ಒಂದೇ ಪ್ರಶ್ನೆ: 'ನನ್ನ ಮಗಳಲ್ಲಿ ನಿಂಗೇನು ಇಷ್ಟ ಆಯ್ತು?' ಅವನು ನಾಚಿ, ತಡವರಿಸಿ, ಅವಳ ಹಲ್ಲು, ಅಂದರೆ ನಗು, ಎನ್ನುತ್ತಿರುವಾಗ ಪಟ್ಟೆಂದಿತು. ಕಾರು, ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳನ್ನು ಬೀಳಿಸಿ ನಿಂತಿತು. ಸುತ್ತ ನೆರೆದವರಿಗೆಲ್ಲ ಕೇಳುವಂತೆ ಮಾವ ಹೇಳಿದ್ದರು: 'ಮಗಳನ್ನ ಬೇಕಾದ್ರೆ ಕೊಡ್ತೀನಿ. ಲೈಸೆನ್ಸ್ ಕೊಡೋಕಾಗಲ್ಲ.' ಜನ ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ. ನಗದೆ ಏನು ಮಾಡುತ್ತಾನೆ. ಆಮೇಲೆ ಅವನು ಸ್ಟೇರಿಂಗ್ ಮುಟ್ಟಲಿಲ್ಲ. ನೀರು ಸರಬರಾಜಿನ ಪಂಪು ರಿಪೇರಿ ಮಾಡುವ ಫಿಟ್ಟರ್ ಅವನು. ಯಾವ ಯಂತ್ರವನ್ನೂ ಬಿಚ್ಚಿ ಜೋಡಿಸುವ ಕೈ, ಆದರೆ ಹೆಂಡತಿ ಓಡಿಸುವ ಗಾಡಿಯಲ್ಲಿ ಪಕ್ಕದಲ್ಲಿ ಕೂತು ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಳ್ಳುವ ಗಂಡಸು. ಮಾವ ನಾಲ್ಕು ಜನರ ಮುಂದೆ ಅವನನ್ನು ಅಳಿಯಂದಿರು ಎನ್ನುತ್ತಿದ್ದರು. ಯಾರೂ ಇಲ್ಲದಾಗ ಕೊಳಾಯಿ.

ಹೆಂಡತಿ ಮಾತ್ರ ಆ ಮನೆಯಲ್ಲಿ ಪಾಸಾದವಳು. ಮಗಳೆಂದು ಮಾವ ರಿಯಾಯಿತಿ ತೋರಿಸಿರಲಿಲ್ಲ, ಇಳಿಜಾರಿನಲ್ಲೇ ಬಡಿದಿದ್ದರು. ಇದೇ ಕಾರು, ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು. ಮಾವ ಅವಳ ತಲೆಯ ಮೇಲೆ ಕೈಯಿಟ್ಟದ್ದು ಆವತ್ತು ಒಂದೇ ದಿನವಂತೆ. ಮಕ್ಕಳಾಗಲಿಲ್ಲ, ಕೆಲಸ ಸಿಗಲಿಲ್ಲ, ಗಂಡ ಕೊಳಾಯಿ. ಯಾರಾದರೂ ಚುಚ್ಚಿದಾಗಲೆಲ್ಲ ಅವಳು ಆ ಇಳಿಜಾರಿಗೆ ಹೋಗಿ ನಿಂತುಕೊಳ್ಳುತ್ತಿದ್ದಳು. 'ನಮ್ಮಪ್ಪನ ಕೈಯಲ್ಲಿ ಪಾಸಾದವಳು ನಾನು' ಎನ್ನುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆ ಬೆನ್ನು ನೋಡಿದರೆ ಅವನಿಗೆ ಪ್ರೀತಿಯೂ ಬರುತ್ತಿತ್ತು, ಹೊಟ್ಟೆಯುರಿಯೂ ಬರುತ್ತಿತ್ತು. ಯಾವುದು ಯಾವುದೆಂದು ಬೇರೆ ಮಾಡಲು ಅವನು ಯಾವತ್ತೂ ಕೂತಿರಲಿಲ್ಲ.

ಈಗ ಮಾವನಿಗೆ ಒಂದೇ ಹಟ. ಶೆಡ್ಡಿನಲ್ಲಿ ವರ್ಷಗಟ್ಟಲೆ ಬಟ್ಟೆ ಹೊದ್ದು ಮಲಗಿದ ಕಾರು ಎದ್ದೇಳಬೇಕು, ಮಗಳು ಓಡಿಸಬೇಕು, ತಾನು ಪಕ್ಕದಲ್ಲಿ ಕೂರಬೇಕು. ಅಂಥ ಕಾರಿನ ಬ್ರೇಕು ಮುಟ್ಟುವ ಮೆಕ್ಯಾನಿಕ್ಕು ಊರಲ್ಲಿ ಉಳಿದಿರಲಿಲ್ಲ. ಇದ್ದವರಿಗೆ ಮಾವ ಮುಟ್ಟಗೊಡಲಿಲ್ಲ. 'ಮನೇಲೇ ಒಬ್ಬ ಕೊಳಾಯಿ ಇದಾನಲ್ಲ.' ಹಾಗೆ ರಜೆಯ ದಿನಗಳೆಲ್ಲ ಶೆಡ್ಡಿಗೆ ಹೋದವು. ಜಾಕ್ ಕೊಟ್ಟು ಎತ್ತಿ, ಚಕ್ರ ಬಿಚ್ಚಿ, ತುಕ್ಕು ಹಿಡಿದ ಡ್ರಮ್ಮನ್ನು ಮರದ ಕೊಡತಿಯಿಂದ ತಟ್ಟಿ ತಟ್ಟಿ ಬಿಡಿಸಿ, ಶೂಗಳ ಮೇಲಿನ ಸವೆದ ಲೈನಿಂಗ್ ಕಿತ್ತು, ಹೊಸದನ್ನು ನಡುವಿನಿಂದ ಅಂಚಿಗೆ ಬಿಗಿಸುತ್ತ ರಿವಿಟು ಹೊಡೆದ. ನಡುವಿನಿಂದ ಅಂಚಿಗೆ, ಇಲ್ಲದಿದ್ದರೆ ಲೈನಿಂಗ್ ಉಬ್ಬುತ್ತದೆ. ಪ್ರತಿ ಚಕ್ರ ಮುಗಿದಾಗಲೂ ಮಾವ ಕೋಲೂರಿ ಬಂದು, ಜೇಬಿನ ಬಿಳಿಯ ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡು, ಕೈ ಚಾಚುತ್ತಿದ್ದರು. ಶೂವನ್ನು ಮಗುವಿನಂತೆ ಎತ್ತಿಕೊಂಡು, ರಿವಿಟಿನ ಗುಳಿಗೆ ಉಗುರು ಇಳಿಸಿ ಆಳ ನೋಡಿ, 'ಹೂಂ' ಎಂದು ಹಿಂದಕ್ಕೆ ಕೊಡುತ್ತಿದ್ದರು. ಆ ಒಂದು ಹೂಂಗಾಗಿ ತಾನು ಉಸಿರು ಬಿಗಿಹಿಡಿದು ನಿಲ್ಲುತ್ತೇನೆ ಎಂಬುದು ಅವನಿಗೆ ಸಹಿಸಲಾಗದ ಸಂಗತಿಯಾಗಿತ್ತು.

ಕೊನೆಯದು, ಈಗ ರಿವಿಟು ಹೊಡೆಯುತ್ತಿದ್ದುದು, ಎಡಗಡೆಯ ಮುಂದಿನ ಚಕ್ರದ್ದು. ಅದು ಮುಗಿದ ಮೇಲೆ ಮಾವ ಬಂದಾಗ ಅವರಿಗಿಂತ ಮುಂಚೆ ವಾಸನೆ ಬಂತು. ಮಂಡಿನೋವಿಗೆ ತಿಕ್ಕಿಕೊಳ್ಳುವ ಎಣ್ಣೆಯ ಘಾಟು. ಪಂಚೆ ಇನ್ನೂ ಮಂಡಿಯ ಮೇಲಿತ್ತು. ಕರವಸ್ತ್ರ ಹೊರಗೆ ಬರಲಿಲ್ಲ. 'ಕೊಡು ನೋಡೋಣ' ಎಂದು ಚಾಚಿದ ಅಂಗೈ ಬೆಳಕಿನಲ್ಲಿ ಮಿರಮಿರ ಮಿನುಗಿತು. ಲೈನಿಂಗಿಗೆ ಎಣ್ಣೆ ತಾಗಿಸಬಾರದು, ತಾಗಿದರೆ ಬ್ರೇಕು ಹಿಡಿಯುವುದಿಲ್ಲ ಎಂದು ಈ ಮನೆಯಲ್ಲಿ ಮೊದಲು ಹೇಳಿದವರೇ ಅವರು. ವಯಸ್ಸು, ಮರೆತಿದ್ದಾರೆ ಎಂದುಕೊಂಡ. ಮಾವ, ಕೈ ಒರೆಸಿಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಕೂತೇ ಇತ್ತು. ಅವನು ಶೂ ಕೊಟ್ಟ. ಮಾವ ಈ ಸಲ ಉಗುರು ಇಳಿಸಲಿಲ್ಲ. ಅಂಗೈಯನ್ನು ಪೂರ್ತಿ ಊರಿ, ಈ ತುದಿಯಿಂದ ಆ ತುದಿಗೆ, ಕರುವಿನ ಬೆನ್ನು ಸವರಿದಂತೆ ನಿಧಾನವಾಗಿ ಸವರಿದರು. ಇನ್ನೊಂದನ್ನೂ ಕೇಳಿ ಪಡೆದು ಹಾಗೆಯೇ ಸವರಿದರು. ತರಿತರಿಯಾದ ಲೈನಿಂಗು ಎಣ್ಣೆಯನ್ನು ಕುಡಿದು ಕಪ್ಪಾಯಿತು. 'ಏನಾದ್ರೂ ಹೇಳೋದಿದ್ಯಾ?' ಎಂದರು ಮಾವ. ಕುರುಡು ಕಣ್ಣು ಅವನ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿದ್ದವು. 'ಇಲ್ಲ ಮಾವ.' 'ಹೂಂ' ಎಂದು ಕೋಲೂರಿ ಹೋದರು.

ಒರೆಸಬಹುದಿತ್ತು. ಒರೆಸಿದರೆ ಹೋಗದು, ಕಿತ್ತು ಮಿಕ್ಕಿರುವ ಹೊಸ ಜೊತೆಯನ್ನು ಹಾಕಬಹುದಿತ್ತು. ಒಂದು ಹೊತ್ತಿನ ಕೆಲಸ. ಅವನು ಶೂಗಳನ್ನು ಕೂರಿಸಿದ, ಸ್ಪ್ರಿಂಗ್ ಎಳೆದು ಸಿಕ್ಕಿಸಿದ, ಡ್ರಮ್ಮು ಮುಚ್ಚಿದ. ಡ್ರಮ್ಮು ಮುಚ್ಚಿದ ಮೇಲೆ ಏನೂ ಕಾಣುವುದಿಲ್ಲ, ಎಂಥ ಸುಖ. ಮಾವ ಹಲಗೆಗೆ ಬಡಿಯುತ್ತಾರೆ, ಕಾರು ಅವರು ಹೇಳಿದಂತೆ ನಿಲ್ಲುವುದಿಲ್ಲ, ಒಂದಿಷ್ಟು ಓರೆಯಾಗುತ್ತದೆ; ಆಗ ತಾನು ಚಕ್ರ ಬಿಚ್ಚಿ, ಪಕ್ಕದ ಮನೆಯವರನ್ನೂ ಕರೆದು, ನೋಡಿ ಮಾವ, ಇದು ಯಾರ ಕೈ? ಎಂದು ಕೇಳುತ್ತಾನೆ. ಫೇಲ್, ಎನ್ನುತ್ತಾನೆ. ಜೋರಾಗಿ ಬೇಡ, ಮೆಲ್ಲಗೆ. ಆ ಮಾತನ್ನು ಬಾಯೊಳಗೆ ಹೊರಳಿಸಿ ನೋಡಿದ, ರುಚಿಯಾಗಿತ್ತು. ಸ್ಟೇರಿಂಗ್ ಹಿಡಿದು ಕೂರುವವಳು ಯಾರು ಎಂಬುದು ಆ ಚಿತ್ರದಲ್ಲಿ ಇರಲೇ ಇಲ್ಲ. ಅಥವಾ ಇದ್ದಳು, ಬೆನ್ನು ನೆಟ್ಟಗೆ ಮಾಡಿಕೊಂಡು, ಮುಖ ಕಾಣದಂತೆ ಇದ್ದಳು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಕಾರಿನೊಳಗೆ ಕೂತಳು. ಚಕ್ರ ಇನ್ನೂ ನೆಲದಿಂದ ಮೇಲಿತ್ತು. ಅವನು ಚಕ್ರ ತಿರುಗಿಸುವುದು, ಅವಳು ಪೆಡಲು ಒತ್ತುವುದು, ಚಕ್ರ ನಿಂತಿತೇ ಎಂದು ಅವನು ಹೇಳುವುದು. ಮೂರು ಚಕ್ರಕ್ಕೂ ಹೀಗೇ ಮಾಡಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸ ಇದೊಂದೇ ಎಂದು ಅವಳು ಹೋದ ವಾರ ಅಂದಿದ್ದಳು.

'ಒತ್ತಲಾ?' ಎಂದಳು.

'ಒತ್ತು.'

ಚಕ್ರ ನಿಂತಿತು. ಅವನು ಎರಡೂ ಕೈಯಿಂದ ಟೈರು ಹಿಡಿದು ತಿರುವಿದ. ಉಳಿದ ಚಕ್ರಗಳು ಬಂಡೆಯಂತೆ ಕೂತಿದ್ದವು. ಇದು ಅಂಗೈಯೊಳಗೆ ಮೀನಿನಂತೆ ಮೆಲ್ಲಗೆ ಜಾರಿತು.

'ಹಿಡೀತಾ ರೀ?'

ಬ್ರೇಕಿನ ವಿದ್ಯೆ ಅವನಿಗೆ ಬಾರದ್ದೇನಲ್ಲ. ಎಡ ಹಿಡಿಯದೆ ಬಲ ಹಿಡಿದರೆ ಕಾರು ಬಲಕ್ಕೆ ತಿರುಚಿಕೊಳ್ಳುತ್ತದೆ. ಬಲಕ್ಕೆ ಕೂರುವವಳು ಅವಳು.

'ರೀ, ಹಿಡೀತಾ?'

'ಹಿಡೀತು' ಎಂದ.

ಜಾಕ್ ಇಳಿಸಿ ಕಾರು ಹೊರಡುವ ಹೊತ್ತಿಗೆ ಪಕ್ಕದ ಮನೆಯ ಟೈಲರ್ ಕಾಂಪೌಂಡಿನ ಗೋಡೆಗೆ ಮೊಳಕೈ ಊರಿ ಆಗಲೇ ಹಾಜರಿದ್ದ. ಕತ್ತಿನಲ್ಲಿ ಅಳತೆಯ ಟೇಪು ಹಾವಿನಂತೆ ನೇತಾಡುತ್ತಿತ್ತು. 'ಏನ್ ಸಾಹೇಬ್ರೆ, ಮದುಮಗನ ಹಾಗೆ ಕಾಣ್ತಿದೀರಿ! ಅಳಿಯಂದಿರ ಕೈಗುಣದ ಮೇಲೆ ನಂಬಿಕೆ ಇಟ್ಟು ಹೊರಟ್ರಾ?' ಮಾವ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಕೂದಲು ಒಪ್ಪವಾಗಿ ಬಾಚಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. 'ನಮ್ಮ ಅಳಿಯಂದಿರ ಕೈಯಲ್ಲಿ ನೀರು ನಿಲ್ಲುತ್ತಪ್ಪ' ಎಂದರು, 'ಗಾಡಿ ನಿಲ್ಲುತ್ತೋ ಇಲ್ವೋ ನೋಡ್ಬೇಕು.' ಟೈಲರ್ ಕೆಮ್ಮು ಬರುವಷ್ಟು ನಕ್ಕ. ಹಿಂದಿನ ಬಾಗಿಲಿಗೆ ಕೈಹಾಕಿದ ಅಳಿಯನಿಗೆ ಮಾವ, 'ಹಿಂದೆ ಭಾರ ಬೇಡ, ಗೇಟ್ ತೆಗೀ' ಎಂದರು. ಅವನು ಗೇಟಿನ ಕಡೆ ನಡೆದ. ಶೆಡ್ಡಿನಿಂದ ಗೇಟಿನವರೆಗೆ ಮನೆಯ ಮಗ್ಗುಲಿಗೆ ಉದ್ದನೆಯ ಇಳಿಜಾರು ಹಾದಿ. ನಡೆಯುತ್ತಿರುವಾಗ ಹಿಂದೆ ಇಂಜಿನ್ನು ಕೆಮ್ಮಿತು, ಗುಡುಗಿತು, ಹದಕ್ಕೆ ಬಂತು. ಓಡಿಹೋಗಿ ಹೇಳಬಹುದು, ಇನ್ನೂ ಹೊತ್ತಿದೆ, ಎನ್ನಿಸಿತು. ಓಡುವುದು ನಗೆಪಾಟಲು, ಟೈಲರ್ ನೋಡುತ್ತಿದ್ದಾನೆ, ಎಂದೂ ಎನ್ನಿಸಿತು. ಗೇಟಿನ ಒಂದು ರೆಕ್ಕೆ ತೆಗೆದ. ತಿರುಗಿ ನೋಡಿದಾಗ ಕಾರು ಇಳಿಜಾರಿನಲ್ಲಿ ಬರುತ್ತಿತ್ತು, ಗಾಜಿನ ಹಿಂದೆ ಅವಳು ಅವನನ್ನೇ ನೋಡಿ ನಗುತ್ತಿದ್ದಳು. ಇಷ್ಟು ಅಗಲವಾಗಿ ನಗುವುದು ಇವಳಿಗೆ ಬರುತ್ತದೆಂದೇ ಮರೆತಿದ್ದ. ಮಾವ ಅವಳ ಕಡೆ ಬಾಗಿ ಏನೋ ಕೇಳುತ್ತಿದ್ದರು. ಅವಳು ಉತ್ತರ ಹೇಳಲು ಬಾಯಿ ತೆರೆದಳು.

ಪಟ್.

ನಿಲ್ಸು ಎಂಬ ಕೂಗು ಅವನಿಗೆ ಕೇಳಿಸಲಿಲ್ಲ. ಅವನ ಬಲಗಾಲು ಮಾತ್ರ ನೆಲ ಒತ್ತಿತು. ಕಾರು ಮೂಗುದಾರ ಎಳೆದ ಎತ್ತಿನಂತೆ ಬಲಕ್ಕೆ ಕತ್ತು ತಿರುಚಿ, ಗೇಟಿನ ಕಲ್ಲುಕಂಬಕ್ಕೆ ಹಾಯಿತು. ದೀಪದ ಗಾಜು ಚೂರಾಗಿ ಹರಡಿತು. ಮಾವ ಬಾಗಿಲು ತೆಗೆದು, ಕೋಲು ಹುಡುಕಿಕೊಂಡು, ಇಳಿದರು. ಅವರಿಗೆ ಒಂದು ತರಚೂ ಇರಲಿಲ್ಲ.

'ಫೇಲ್' ಎಂದರು.

ಅವಳು ಸ್ಟೇರಿಂಗಿನಿಂದ ಮುಖ ಎತ್ತಿದಳು. ಮೇಲ್ದುಟಿ ಸೀಳಿ, ಗದ್ದದಿಂದ ರಕ್ತ ಸೀರೆಗೆ ಇಳಿಯುತ್ತಿತ್ತು. ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಅವಳು ಅದನ್ನು ಗಮನಿಸಿರಲೇ ಇಲ್ಲ. 'ಅಪ್ಪಾ, ನಾನು ಒತ್ತಿದೆ ಅಪ್ಪಾ. ಪೂರ್ತಿ ಒತ್ತಿದೆ. ಅದೇ ಎಳ್ಕೊಂಡು ಹೋಯ್ತು.'

'ಒತ್ತೋದು ಎಮ್ಮೆಗೂ ಬರುತ್ತೆ. ಗಾಡಿ ನೇರ ನಿಲ್ಬೇಕು.'

'ಆವತ್ತು ನಿಂತಿತ್ತಲ್ಲಪ್ಪಾ.'

'ಆವತ್ತು ಏನೋ ಅದೃಷ್ಟ ಇರ್ಬೇಕು' ಎಂದು ಮಾವ ಮನೆಯ ಕಡೆ ಹೊರಟರು.

ಟೈಲರ್ ಗೋಡೆಯಾಚೆ ಲೊಚಗುಟ್ಟಿದ. ಅವಳು ಗಂಡನ ಕಡೆ ತಿರುಗಿದಳು. ಕೋಪವಿಲ್ಲ, ಅನುಮಾನವಿಲ್ಲ, ದಾರಿ ತಪ್ಪಿದವಳು ದಾರಿ ಕೇಳುವಂತೆ ಕೇಳಿದಳು: 'ರೀ, ಬ್ರೇಕ್ ಸರಿ ಇತ್ತು, ಅಲ್ವಾ?'

ಒಂದು ಮಾತು ಸಾಕಿತ್ತು. ಸರಿ ಇರಲಿಲ್ಲ ಎಂದರೆ ಅವಳ ಇಳಿಜಾರು ಅವಳಿಗೆ ಉಳಿಯುತ್ತಿತ್ತು. ಎಣ್ಣೆ ಮಾವನ ಕೈಯದು, ನಿಜ. ಆದರೆ ಚಕ್ರ ಜಾರಿದ್ದು ತನ್ನ ಕೈಯಲ್ಲಿ, ಹಿಡೀತು ಎಂದದ್ದು ತನ್ನ ಬಾಯಿ. ಕಂಬದಲ್ಲಿ ಕಾರಿನ ಹಸಿರು ಬಣ್ಣ ಒಂದು ಗೆರೆಯಾಗಿ ಅಂಟಿತ್ತು. ಅವನು ಆ ಗೆರೆಯನ್ನೇ ನೋಡಿದ.

'ಸರಿ ಇತ್ತು' ಎಂದ.

ಅವಳು ತಲೆಯಾಡಿಸಿದಳು. ಬೆನ್ನು ಬಾಗಿದ್ದನ್ನು ಅವನು ಕಣ್ಣಾರೆ ಕಂಡ. ಯಾರೋ ಒಳಗಿನ ಕೀಲು ಕಳಚಿದಂತೆ, ಸದ್ದಿಲ್ಲದೆ.

ಡಾಕ್ಟರು ತುಟಿಗೆ ಹೊಲಿಗೆ ಹಾಕಿ ಕಳಿಸಿದ ಮೇಲೆ ಅವಳು ಕೋಣೆಯ ಕಿಟಕಿ ಮುಚ್ಚಿ ಮಲಗಿದಳು. ಮಂಚದ ತುದಿಯಲ್ಲಿ ಕೂತವನಿಗೆ ಅವಳೇ ಸಮಾಧಾನ ಹೇಳಿದಳು. 'ನನ್ನಿಂದ ನಿಮ್ಮ ಕೆಲಸಕ್ಕೆ ಕೆಟ್ಟ ಹೆಸರು ಬಂತು. ಎಷ್ಟು ಕಷ್ಟಪಟ್ಟು ಮಾಡಿದ್ರಿ.' ಮುರಿದ ಹಲ್ಲಿನ ಸಂದಿನಲ್ಲಿ ಮಾತು ಸೋರುತ್ತಿತ್ತು. ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಶೆಡ್ಡಿಗೆ ಹೋಗಿ, ನೆರೆಯವರು ತಳ್ಳಿ ತಂದಿಟ್ಟಿದ್ದ ಕಾರಿನ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತು ಚಕ್ರ ಬಿಚ್ಚಿದ, ಡ್ರಮ್ಮು ಎಳೆದ. ಎಣ್ಣೆ ಕಾದು ಲೈನಿಂಗಿನ ಮೇಲೆ ಹೊಳಪು ಕಟ್ಟಿತ್ತು. ಮುಖ ನೋಡಿಕೊಳ್ಳಬಹುದು, ಅಷ್ಟು. ಹಿಂದೆ ಕೋಲಿನ ಸದ್ದು.

'ಬಿಚ್ಚಿದ್ಯಾ?' ಎಂದರು ಮಾವ.

ಇದೇ ಗಳಿಗೆಗೆ ಅವನು ಮಾತು ಕೂಡಿಟ್ಟುಕೊಂಡಿದ್ದ. ಎದ್ದು ನಿಂತ. 'ಮಾವ, ನಿಮ್ಮ ಕೈಯಲ್ಲಿ ಎಣ್ಣೆ ಇತ್ತು.'

'ಗೊತ್ತು.'

ಶೆಡ್ಡಿನ ತಗಡು ಬಿಸಿಲಿಗೆ ಟಪ್ಪೆಂದು ಸದ್ದು ಮಾಡಿತು.

'ನನ್ನ ಕೈಯ ಎಣ್ಣೆ ನಂಗೆ ಗೊತ್ತಾಗಲ್ವೇನೋ ಕೊಳಾಯಿ? ಕಣ್ಣು ಹೋಗಿದೆ, ಮೂಗು ಹೋಗಿಲ್ಲ. ಹೇಳೋದಿದ್ಯಾ ಅಂತ ಬಾಯಿಬಿಟ್ಟು ಕೇಳ್ದೆ. ಇಲ್ಲ ಮಾವ ಅಂದೆ.' ಮಾವ ತಡವಿ ಸ್ಟೂಲು ಹುಡುಕಿ ಕೂತರು. 'ಪರೀಕ್ಷೆ ಅವಳದಲ್ಲ, ನಿಂದು. ಎಲ್ಲಿ ನಿಲ್ಸ್ತೀಯ ಅಂತ ನೋಡ್ದೆ. ಎಣ್ಣೆ ನೋಡಿದಾಗ ನಿಲ್ಸ್ತೀಯ ಅಂದ್ಕೊಂಡೆ, ನಿಲ್ಸಲಿಲ್ಲ. ಅವಳು ಸೀಟಲ್ಲಿ ಕೂತಾಗ, ಇಲ್ಲ. ಅವಳ ಬಾಯಲ್ಲಿ ರಕ್ತ ಬಂತಲ್ಲ, ಆಗಾದ್ರೂ... ಊಹೂಂ.'

'ಅವಳು ನಿಮ್ಮ ಮಗಳು ಮಾವ' ಎಂದ.

'ನಿನ್ನ ಹೆಂಡ್ತಿ.'

ಎಡಗಡೆಯದನ್ನೇ ಯಾಕೆ ಸವರಿದಿರಿ ಎಂದು ಕೇಳಬೇಕೆಂದು ಬಾಯಿ ತೆರೆದ. ಕೇಳುವ ಮುಂಚೆಯೇ ತಿಳಿಯಿತು. ಮಾವ ಎಡಕ್ಕೆ ಕೂರುವವರು. ಕಾರು ಹಾಯುವುದು ಅವರಿಂದ ದೂರಕ್ಕೆ. ತನಗೆ ಅಷ್ಟು ಬೇಗ ತಿಳಿದದ್ದು ಹೇಗೆ ಎಂದು ಅವನಿಗೆ ಹೇಸಿಗೆಯಾಯಿತು. ಒಂದೇ ಲೆಕ್ಕವನ್ನು ಇಬ್ಬರೂ ಹಾಕಿದ್ದರು, ಅಷ್ಟೇ. ಮಾವ ನಗುತ್ತಿದ್ದರು, ಅವಮಾನ ಮಾಡುವ ನಗುವಲ್ಲ, ಜೊತೆಗಾರನ ಜೊತೆ ನಗುವ ನಗು. 'ಇಷ್ಟು ವರ್ಷ ನಿನ್ನ ಬರೀ ಮೆತ್ತಗಿನ ಮನುಷ್ಯ ಅಂದ್ಕೊಂಡಿದ್ದೆ. ಹೆಂಡ್ತಿ ಹಲ್ಲು ಹೋದ್ರೂ ಬಾಯಿ ಬಿಡ್ಲಿಲ್ಲ ನೋಡು. ಪಾಸು. ಈಗ ಈ ಮನೆಯವನಾದೆ ನೀನು.' ಕೈ ಚಾಚಿ ಅವನ ತಲೆ ಹುಡುಕಿದರು. ಒಣಗಿದ ಅಂಗೈ. ಅವನು ತಲೆ ಕೊಡವಿ ಹಿಂದೆ ಸರಿಯಬೇಕಿತ್ತು. ಆದರೆ ಆ ಕೈಯ ಭಾರದ ಕೆಳಗೆ ಒಂದು ಗಳಿಗೆ, ಒಂದೇ ಗಳಿಗೆ, ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

'ಅವಳಿಗೆ ಹೇಳ್ಬೇಡ' ಎಂದರು ಮಾವ.

'ಇಲ್ಲ ಮಾವ.'

ಮುಂದಿನ ರಜೆಯ ಹೊತ್ತಿಗೆ ಮಿಕ್ಕಿದ್ದ ಲೈನಿಂಗಿನ ಜೊತೆಯನ್ನು ಹಾಕಿ, ದೀಪಕ್ಕೆ ಬೇರೆ ಗಾಜು ಕೂರಿಸಿದ. ಈ ಸಲ ಪೆಡಲು ಒತ್ತಲು ಅವಳನ್ನು ಕರೆಯಲಿಲ್ಲ. ಮಾವನೇ ಕೂತು ಒತ್ತಿದರು. ಚಕ್ರ ಬಂಡೆಯಂತೆ ನಿಂತಿತು. ಕಾರಿನ ಕೀಲಿ ಅವಳ ಸೆರಗಿನ ಗಂಟಿನಲ್ಲಿತ್ತು. ಕೇಳುವುದು ಹೇಗೆಂದು ಅವನು ಹೊಸ್ತಿಲಲ್ಲಿ ನಿಂತಿರುವಾಗ ಅವಳೇ ಗಂಟು ಬಿಚ್ಚಿದಳು. 'ನೀವೇ ಇಟ್ಕೊಳ್ಳಿ' ಎಂದಳು, ಬಾಯಿಗೆ ಕೈ ಅಡ್ಡ ಹಿಡಿದು. ಈಗೀಗ ಮಾತಾಡುವಾಗ ಹಾಗೆ ಹಿಡಿಯುತ್ತಿದ್ದಳು. 'ನಂಗೆ ಬರಲ್ಲ ಅದು. ಬರ್ತಿರಲೇ ಇಲ್ಲ ಅನ್ಸುತ್ತೆ.' ಕೀಲಿ ಅವಳ ಮೈಯ ಬಿಸಿಗೆ ಬೆಚ್ಚಗಿತ್ತು. ಅವನು ತೆಗೆದುಕೊಂಡ.

'ನಿಧಾನವಾಗಿ ಹೊರಡು' ಎಂದರು ಪಕ್ಕದಲ್ಲಿ ಕೂತ ಮಾವ. ವರ್ಷಗಳೇ ಕಳೆದಿದ್ದರೂ ಕ್ಲಚ್ಚು ಕಾಲಿಗೆ ನೆನಪಿತ್ತು. ಕಾರು ಇಳಿಜಾರಿನಲ್ಲಿ ಜಾರಿತು. ಗೇಟು ತೆಗೆದು ನಿಂತವಳು ಅವಳು. ಹಸಿರು ಗೆರೆಯ ಕಂಬಕ್ಕೆ ಒರಗಿ, ಬಾಯಿಗೆ ಕೈ ಹಿಡಿದು ನಿಂತಿದ್ದಳು. ಈಗ ಬಡಿಯುತ್ತಾರೆ ಎಂದು ಅವನ ಬಲಗಾಲು ಪೆಡಲಿನ ಮೇಲೆ ಎದ್ದು ನಿಂತಿತು. ಬಡಿಯಲಿಲ್ಲ. ಕಾರು ಅವಳನ್ನು ದಾಟಿ ರಸ್ತೆಗಿಳಿಯಿತು. ಟೈಲರ್ ಗೋಡೆಯ ಮೇಲಿಂದ, 'ಓಹೋ ಅಳಿಯಂದ್ರೆ!' ಎಂದು ಕೂಗಿದ. ಮೂಲೆ ತಿರುಗುವಾಗ ಬಡಿಯುತ್ತಾರೆ. ಬಡಿಯಲಿಲ್ಲ. ಮಾವನ ಎರಡೂ ಕೈ ಮಡಿಲಲ್ಲಿ, ಒಂದರ ಮೇಲೊಂದು, ತೊಳೆದಿಟ್ಟ ಹಾಗೆ ಕೂತಿದ್ದವು. ರಸ್ತೆ ನೋಡುವುದೋ ಆ ಕೈ ನೋಡುವುದೋ ತಿಳಿಯದೆ ಅವನ ಕಣ್ಣು ನೀರಾಡಿದವು. ಎತ್ತಿಹಿಡಿದ ಕಾಲಿನ ಮೀನಖಂಡ ಗಂಟುಕಟ್ಟಿ ನೋಯತೊಡಗಿತು. ಕನ್ನಡಿಯೊಳಗೆ ಅವಳು ಗೇಟಿನ ರೆಕ್ಕೆ ಎಳೆದು ಮುಚ್ಚುತ್ತಿದ್ದಳು, ಚಿಕ್ಕದಾಗುತ್ತಿದ್ದಳು.

'ಎಲ್ಲಿ ನಿಲ್ಲಿಸ್ಲಿ ಮಾವ?'

'ನಾನು ಹೇಳ್ತೀನಿ' ಎಂದರು ಮಾವ, ಬಹಳ ಪ್ರೀತಿಯಿಂದ. 'ಅದಿರ್ಲಿ, ನನ್ನ ಮಗಳಲ್ಲಿ ನಿಂಗೇನು ಇಷ್ಟ ಆಗಿತ್ತು ಅಂದೆ?'